ಹವ್ಯಾಸವೋ, ಸ್ವಂತ ಹೆಸರೋ, ಪಾಲುದಾರಿಕೆಯೋ, ಕಂಪನಿಯೋ? ಕೈಕೆಲಸ ಮಾರುವವರಿಗೊಂದು ಹೋಲಿಕೆ

ಒಂದು ರಾತ್ರಿ ಎಲ್ಲ ಕೆಲಸ ಮುಗಿಸಿ ಕೂತಿದ್ದಾಗ ಫೋನಿಗೆ ಒಂದು ಫೋಟೋ ಬಂತು. ನಾನೇ ಹೆಣೆದು ಮಾರಿದ್ದ ಕ್ರೋಶಾ ಕರಡಿ. ಎಡಗಣ್ಣು ಇಲ್ಲ. ಕೆಳಗೆ ಒಂದೇ ಸಾಲು: "ಕಣ್ಣು ಕಿತ್ತು ಬಂದಿದೆ, ಪಾಪು ಬಾಯಲ್ಲಿ ಇಟ್ಟುಕೊಂಡಿತ್ತು, ಸದ್ಯ ನಾನು ನೋಡಿದೆ."

ಮಗುವಿಗೆ ಏನೂ ಆಗಲಿಲ್ಲ. ಆದರೆ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಏನಾದರೂ ಆಗಿದ್ದರೆ ಆ ತಾಯಿ ಯಾರನ್ನು ಕೇಳಬೇಕಿತ್ತು? ನನ್ನನ್ನೇ ತಾನೇ. ನನ್ನ ಯಾವ ದುಡ್ಡಿಗೆ ಕೈ ಬೀಳುತ್ತಿತ್ತು? ನೂಲು ತರೋಕೆ ಎತ್ತಿಟ್ಟಿದ್ದಕ್ಕಾ, ಮನೆ ಖರ್ಚಿನ ಖಾತೆಗಾ, ಇಲ್ಲಾ ಮನೆಗೇನಾ?

ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ 'ಅಧಿಕೃತ' ಅಂದರೆ ಒಂದು ಸೀಲು, ಒಂದು ಲೋಗೋ, ಗೋಡೆಗೆ ನೇತು ಹಾಕೋ ಒಂದು ಪ್ರಮಾಣಪತ್ರ, ಅಷ್ಟೇ. ಈ ವಿಷಯ ಬಂದಾಗ ಎಲ್ಲರೂ ಮೊದಲು ಕೇಳೋದು ಯಾವುದು ಸುಲಭ, ಯಾವುದಕ್ಕೆ ತೆರಿಗೆ ಕಡಿಮೆ ಅಂತ. ಅವೂ ಬೇಕಾದ ಪ್ರಶ್ನೆಗಳೇ. ಆದರೆ ನಾನು ಇಲ್ಲಿ ಎಲ್ಲ ಆಯ್ಕೆಗಳನ್ನೂ ಇನ್ನೊಂದು ಪ್ರಶ್ನೆ ಇಟ್ಟುಕೊಂಡು ಅಳೆಯುತ್ತೇನೆ: ಕೆಟ್ಟ ದಿನವೊಂದು ಬಂದರೆ ಯಾರ ಬಾಗಿಲು ತಟ್ಟುತ್ತಾರೆ? ಅರ್ಜಿ, ಶುಲ್ಕ, ಕಚೇರಿ ಹೆಸರು ಎಲ್ಲ ದೇಶದಿಂದ ದೇಶಕ್ಕೆ ಬೇರೆಬೇರೆ. ಒಳಗಿನ ಹೂರಣ ಮಾತ್ರ ಹೆಚ್ಚುಕಡಿಮೆ ಒಂದೇ.

ಹವ್ಯಾಸವಾಗಿಯೇ ಇರಲಿ ಬಿಡಿ ಅನ್ನುವ ಆಯ್ಕೆ

ಇದೂ ಒಂದು ಆಯ್ಕೆ, ಯಾರೂ ಹೇಳಲ್ಲ ಅಷ್ಟೇ. ನಾಲ್ಕು ಜನ "ಚೆನ್ನಾಗಿದೆ, ಮಾರಬಹುದಲ್ವಾ" ಅಂದ ತಕ್ಷಣ ಅಂಗಡಿ ತೆರೆಯಲೇಬೇಕು ಅಂತೇನಿಲ್ಲ.

ನೋಂದಣಿಗೆ ಓಡೋ ಮೊದಲು ಒಂದು ಕೆಲಸ ಮಾಡಿ. ಒಂದು ವಸ್ತು ಮಾಡುವಾಗ ಗಡಿಯಾರ ಪಕ್ಕದಲ್ಲಿಟ್ಟುಕೊಳ್ಳಿ. ನನ್ನ ಕರಡಿಗೆ 5 ಗಂಟೆ ಸಾಕು ಅಂತ ನಾನು ಎರಡು ವರ್ಷ ನಂಬಿಕೊಂಡಿದ್ದೆ. ಅಳೆದು ನೋಡಿದರೆ 7 ಗಂಟೆ 40 ನಿಮಿಷ. ಹೆಣಿಗೆ 5 ಗಂಟೆಯೇ, ಸುಳ್ಳಲ್ಲ. ಉಳಿದದ್ದೆಲ್ಲಾ ಕೈಕಾಲು ಜೋಡಿಸಿ ಹೊಲಿಯೋದು, ಹತ್ತಿ ತುಂಬೋದು, ನೂಲಿನ ತುದಿಗಳನ್ನು ಒಳಗೆ ಸೇರಿಸೋದು, ಬೆಳಕು ಬರೋವರೆಗೆ ಕಾದು ಫೋಟೋ ತೆಗೆಯೋದು, "ಇದೇ ನೀಲಿ ಬಣ್ಣದಲ್ಲಿ ಸಿಗುತ್ತಾ" ಅಂತ ಕೇಳಿ ಆಮೇಲೆ ಮಾಯವಾಗುವವರಿಗೆ ಉತ್ತರ ಬರೆಯೋದು, ಡಬ್ಬಿ ಕಟ್ಟಿ ಕೊರಿಯರ್‌ಗೆ ಹೋಗಿ ಬರೋದು.

ಈಗ ಕರಡಿಯ ಬೆಲೆ 100 ಅಂತ ಇಟ್ಟುಕೊಳ್ಳಿ, ಯಾವ ನಾಣ್ಯವಾದರೂ ಸರಿ. ನೂಲು, ಹತ್ತಿ, ಕಣ್ಣು ಸೇರಿ 28. ಡಬ್ಬಿ, ಟೇಪು, ಚೀಟಿ 10. ಆನ್‌ಲೈನ್ ತಾಣದ ಪಾಲು, ದುಡ್ಡು ಪಾವತಿಯ ಶುಲ್ಕ ಸೇರಿ ಇನ್ನೊಂದು 10. ಉಳಿದದ್ದು 52. ಗಂಟೆಗೆ 7 ಕೂಡ ಬೀಳಲಿಲ್ಲ. ಇದೇ ಕರಡಿಯನ್ನು ಅಂಗಡಿಯವರಿಗೆ ಸಗಟಾಗಿ ಕೊಟ್ಟರೆ ಅವರು ಸಾಮಾನ್ಯವಾಗಿ ಅರ್ಧ ಬೆಲೆಗೆ ಕೇಳುತ್ತಾರೆ, ಅಂದರೆ 50. ಅದರಲ್ಲಿ ಸಾಮಾನಿನ 28 ಹೋದರೆ ನನ್ನ ಕೈಗೆ 22. ಈ ಲೆಕ್ಕ ಸರಿಹೋಗದಿದ್ದರೆ ಯಾವ ನೋಂದಣಿಯೂ ಅದನ್ನು ಸರಿ ಮಾಡಲ್ಲ. ಬೆಲೆ ಏರಿಸಿ, ವಿನ್ಯಾಸ ಸರಳ ಮಾಡಿ, ಇಲ್ಲಾ ಹವ್ಯಾಸ ಅಂತಲೇ ಖುಷಿಯಾಗಿ ಮಾಡಿಕೊಂಡಿರಿ.

ತೆರಿಗೆಯವರ ಕಣ್ಣಲ್ಲಿ ಹವ್ಯಾಸಕ್ಕೂ ವ್ಯಾಪಾರಕ್ಕೂ ನಡುವೆ ಒಂದು ಗೆರೆ ಇರುತ್ತದೆ, ಮತ್ತು ಆ ಗೆರೆ ಎಲ್ಲಿದೆ ಅಂತ ನಿಮ್ಮ ದೇಶದ ನಿಯಮದಲ್ಲಿ ಮೊದಲೇ ನೋಡಿಕೊಳ್ಳಬೇಕು. ಬ್ರಿಟನ್ನಿನಲ್ಲಿ 2017ರಿಂದ ವರ್ಷಕ್ಕೆ 1,000 ಪೌಂಡ್‌ವರೆಗಿನ ಇಂಥ ಸಣ್ಣ ಆದಾಯಕ್ಕೆ ವಿನಾಯಿತಿ ಇದೆ. ಇಲ್ಲಿ ತುಂಬ ಜನ ಎಡವುತ್ತಾರೆ: ಅದು ಲಾಭದ ಲೆಕ್ಕ ಅಲ್ಲ, ಖರ್ಚು ಕಳೆಯೋ ಮೊದಲಿನ ಒಟ್ಟು ಮಾರಾಟದ ಲೆಕ್ಕ. ಅಮೆರಿಕದಲ್ಲಿ 5 ವರ್ಷಗಳಲ್ಲಿ 3 ವರ್ಷ ಲಾಭ ತೋರಿಸಿದರೆ ಅದನ್ನು ವ್ಯಾಪಾರ ಅಂತಲೇ ಹಿಡಿಯುತ್ತಾರೆ. ಬರೀ ಹವ್ಯಾಸ ಅಂತಾದರೆ ಬಂದ ದುಡ್ಡಿಗೆ ತೆರಿಗೆ ಇದೆ, ಆದರೆ 2018ರಿಂದ ಮಾರಿದ ವಸ್ತುವಿನ ಸಾಮಾನಿನ ವೆಚ್ಚ ಬಿಟ್ಟು ಉಳಿದ ಖರ್ಚನ್ನು ಅದರಲ್ಲಿ ಕಳೆಯೋ ಹಾಗಿಲ್ಲ. ಅಂದರೆ ಹವ್ಯಾಸ ಅಂತ ಹೇಳಿಕೊಂಡರೆ ಯಾವಾಗಲೂ ಲಾಭ ಅಂತಲೂ ಅಲ್ಲ.

ಗೆರೆ ದಾಟಿದ್ದೀರಿ ಅಂತ ಹೇಗೆ ಗೊತ್ತಾಗುತ್ತದೆ? ನನ್ನ ಅನುಭವದಲ್ಲಿ ಗುರುತು ಇಷ್ಟೇ. ಯಾರೂ ಕೇಳದೇ ಇದ್ದರೂ ಮಾರೋಕೆ ಅಂತಲೇ ಮಾಡಿಡುತ್ತೀರಿ. ಮುಂಗಡ ತಗೊಳ್ಳುತ್ತೀರಿ. ಗುರುತಿಲ್ಲದವರು ಕೊಳ್ಳುತ್ತಾರೆ. ಕೊನೆಯದೇ ಮುಖ್ಯ. ಅತ್ತಿಗೆಗೆ ಮಾರಿದ ಕರಡಿಯ ಕಣ್ಣು ಬಿದ್ದರೆ ಅವರು ಬೈದು ಸುಮ್ಮನಾಗುತ್ತಾರೆ, ಗುರುತಿಲ್ಲದವರಿಗೆ ಸುಮ್ಮನಾಗಬೇಕಾದ ಹಂಗಿಲ್ಲ.

ಸ್ವಂತ ಹೆಸರಲ್ಲಿ, ಒಬ್ಬರೇ ಮಾಲೀಕರಾಗಿ

ಕೈಕೆಲಸದವರಲ್ಲಿ ಹೆಚ್ಚಿನವರು ಇಲ್ಲೇ ಇರುತ್ತಾರೆ, ಇಲ್ಲೇ ಇರೋದು ಸರಿ ಕೂಡ. ಕಾನೂನಿನ ಪ್ರಕಾರ ನೀವೂ ನಿಮ್ಮ ವ್ಯಾಪಾರವೂ ಒಂದೇ ವ್ಯಕ್ತಿ. ಶುರು ಮಾಡೋದು ಸುಲಭ, ಮುಚ್ಚೋದು ಇನ್ನೂ ಸುಲಭ. ಲಾಭ ನಿಮ್ಮ ಆದಾಯ, ಅದರ ಮೇಲೆ ನಿಮ್ಮ ತೆರಿಗೆ. ಯಾರಿಗೂ ವರದಿ ಒಪ್ಪಿಸಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ.

ಕೆಟ್ಟ ದಿನ ಬಂದರೆ? ತಟ್ಟೋದು ನಿಮ್ಮ ಮನೆ ಬಾಗಿಲನ್ನೇ. ವ್ಯಾಪಾರದ ಸಾಲ ನಿಮ್ಮ ಸಾಲ. ಹೀಗೆ ಹೇಳಿದರೆ ಭಯ ಆಗುತ್ತದೆ, ಆದರೆ ಒಂದು ಕ್ಷಣ ಯೋಚಿಸಿ. ಸಾಲವೇ ಮಾಡದೆ, ಕೈಯಲ್ಲಿದ್ದಷ್ಟು ದುಡ್ಡಿಗೆ ನೂಲು ತಂದು, ಹೆಣೆದು ಮಾರುವವರಿಗೆ ಮುಳುಗೋಕೆ ಎಷ್ಟು ನೀರಿದೆ? ಅಪಾಯ ಇರೋದು ಸಾಲದಲ್ಲಿ ಕಡಿಮೆ, ವಸ್ತುವಿನಲ್ಲಿ ಜಾಸ್ತಿ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದೇ ಒಂದು ಕಟ್ಟುನಿಟ್ಟು: ಮೊದಲ ದಿನದಿಂದಲೇ ಬೇರೆ ಬ್ಯಾಂಕ್ ಖಾತೆ. ಕಾನೂನು ಕೇಳಲಿ ಬಿಡಲಿ, ನಿಮಗೇ ಬೇಕು. ನಾನು ಮೊದಲ ವರ್ಷ ಎಲ್ಲಾ ಬಿಲ್‌ಗಳನ್ನೂ ಒಂದು ಹಳೇ ತಗಡಿನ ಡಬ್ಬಿಯಲ್ಲಿ ಜೋಪಾನವಾಗಿ ತುಂಬಿಟ್ಟಿದ್ದೆ, ವರ್ಷದ ಕೊನೆಗೆ ಲೆಕ್ಕ ಬರೆಯೋಣ ಅಂತ ಹೆಮ್ಮೆಯಿಂದ ತೆಗೆದರೆ ಅರ್ಧಕ್ಕರ್ಧ ಚೀಟಿ ಖಾಲಿ ಬಿಳಿ ಹಾಳೆ. ಅಂಗಡಿಯ ಮಷೀನಿನಿಂದ ಬರೋ ಆ ನುಣುಪು ಕಾಗದದ ಮೇಲಿರೋದು ಶಾಯಿ ಅಲ್ಲ, ಬಿಸಿಗೆ ಮೂಡಿದ ಅಕ್ಷರ. ಕಾಲ ಕಳೆದ ಹಾಗೆ ಮಾಸಿ ಹೋಗುತ್ತದೆ. ಈಗ ಬಿಲ್ ಕೈಗೆ ಬಂದ ತಕ್ಷಣ ಫೋಟೋ.

ಗೆಳತಿ ಜೊತೆ ಸೇರಿ ಮಾಡಿದರೆ

ಇದರ ಬಗ್ಗೆ ನಾನು ಸ್ವಲ್ಪ ಕಹಿಯಾಗಿಯೇ ಬರೆಯುತ್ತೇನೆ, ಅಷ್ಟಕ್ಕೆ ಬಿಟ್ಟುಬಿಡಿ.

ಇಬ್ಬರು ಸೇರಿದ್ದೆವು. ಹೆಣಿಗೆ ನನ್ನದು, ಬಣ್ಣ, ವಿನ್ಯಾಸ, ಮಾರಾಟ ಅವಳದು. ಕಾಗದ ಪತ್ರ ಏನೂ ಇರಲಿಲ್ಲ, ಬಂದದ್ದರಲ್ಲಿ ಅರ್ಧ ಅರ್ಧ, ನಮ್ಮ ನಡುವೆ ಕಾಗದ ಯಾಕೆ ಅಂತ. ಒಂದು ಹಬ್ಬದ ಮುಂಚೆ ದೊಡ್ಡ ಆರ್ಡರ್ ಬಂದೇ ಬರುತ್ತೆ ಅಂತ ಅವಳು ನೂಲಿನ ಅಂಗಡಿಯಲ್ಲಿ ಉದ್ರಿ ಹೇಳಿ ನಾಲ್ಕು ಚೀಲ ನೂಲು ಹೊತ್ತು ತಂದಳು. ಆರ್ಡರ್ ಬರಲಿಲ್ಲ. ಅಂಗಡಿಯವರು ಫೋನ್ ಮಾಡಿದ್ದು ನನಗೆ. "ನಾನು ತಂದಿಲ್ಲವಲ್ಲ" ಅಂದೆ. "ನೀವಿಬ್ಬರೂ ಸೇರಿ ತಾನೇ ಮಾಡೋದು" ಅಂದರು.

ಕೋಪ ಬಂತು, ಆದರೆ ಅವರು ಹೇಳಿದ್ದು ಸರಿ. ಮಾಮೂಲಿ ಪಾಲುದಾರಿಕೆಯಲ್ಲಿ ವ್ಯಾಪಾರಕ್ಕಾಗಿ ಒಬ್ಬರು ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ. ಇನ್ನೊಂದು ವಿಷಯ ಕೇಳಿ ನನಗೆ ಆಶ್ಚರ್ಯವಾಯಿತು: ಪತ್ರ ಬರೆದುಕೊಂಡರೆ ಮಾತ್ರ ಪಾಲುದಾರಿಕೆ ಅಂತಲ್ಲ, ಇಬ್ಬರು ಸೇರಿ ವ್ಯಾಪಾರ ಮಾಡಿ ಲಾಭ ಹಂಚಿಕೊಳ್ಳುತ್ತಿದ್ದರೆ ಅದು ಆಗಿಬಿಡಬಹುದು. ಬರೆದುಕೊಳ್ಳದೇ ಇದ್ದರೆ ಕಾನೂನೇ ನಿಮ್ಮ ಪರವಾಗಿ ಷರತ್ತು ತುಂಬುತ್ತದೆ. ಬ್ರಿಟನ್ನಿನ 1890ರ ಪಾಲುದಾರಿಕೆ ಕಾಯ್ದೆಯಾಗಲಿ, ಭಾರತದ 1932ರ ಕಾಯ್ದೆಯಾಗಲಿ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ಸಮಪಾಲು ಅನ್ನುತ್ತವೆ. ಒಬ್ಬರು ರಾತ್ರಿಯೆಲ್ಲಾ ಹೆಣೆದು ಇನ್ನೊಬ್ಬರು ವಾರಕ್ಕೊಂದು ಫೋಟೋ ಹಾಕಿದ್ದರೂ ಸಮಪಾಲೇ.

ಹಾಗಾಗಿ ಜೊತೆಗಾರಿಕೆ ಬೇಕೇ ಬೇಕು ಅಂದರೆ ಸಂಬಂಧ ಚೆನ್ನಾಗಿರುವಾಗಲೇ ಬರೆದುಕೊಳ್ಳಿ. ಯಾರು ಎಷ್ಟು ದುಡ್ಡು ಹಾಕಿದರು, ಯಾರ ಸಹಿಗೆ ಎಷ್ಟರವರೆಗೆ ಬೆಲೆ, ಒಬ್ಬರು ಬಿಟ್ಟು ಹೋದರೆ ವಿನ್ಯಾಸಗಳು ಯಾರವು, ಆ ಸೋಷಿಯಲ್ ಮೀಡಿಯಾ ಖಾತೆಯ ಪಾಸ್‌ವರ್ಡ್ ಯಾರ ಹತ್ತಿರ. ಕೊನೆಯದು ತಮಾಷೆಗೆ ಹೇಳಿದ್ದಲ್ಲ. ಕೈಕೆಲಸದ ವ್ಯಾಪಾರದಲ್ಲಿ ಇರೋ ಗಿರಾಕಿಗಳೆಲ್ಲಾ ಆ ಖಾತೆಯಲ್ಲೇ ಇರುತ್ತಾರೆ. ಹೊಣೆಗೆ ಮಿತಿ ಇರೋ ಪಾಲುದಾರಿಕೆ ಅಂತ ಬೇರೊಂದು ಬಗೆಯೂ ಹಲವು ದೇಶಗಳಲ್ಲಿದೆ, ಆದರೆ ಅದರ ಕಾಗದದ ಕೆಲಸ ಹೆಚ್ಚುಕಡಿಮೆ ಕಂಪನಿಯಷ್ಟೇ.

ಹತ್ತು ಜನ ಸೇರಿ ಒಂದು ಕುಲುಮೆ, ಒಂದು ಮಗ್ಗ, ಒಂದು ಮಾರಾಟದ ಜಾಗ ಹಂಚಿಕೊಳ್ಳುವುದಾದರೆ ಪಾಲುದಾರಿಕೆಗಿಂತ ಸಹಕಾರ ಸಂಘ ಒಳ್ಳೆಯದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ, ಅವರಲ್ಲಿ ನೇಕಾರರೂ ಇದ್ದರು, ಸೇರಿ ಶುರು ಮಾಡಿದ ಮಾದರಿ ಅದು. ಯಾರು ಎಷ್ಟು ದುಡ್ಡು ಹಾಕಿದ್ದರೂ ಒಬ್ಬರಿಗೆ ಒಂದೇ ಮತ. ನಿಧಾನ, ಸಭೆಗಳು ಜಾಸ್ತಿ, ಆದರೆ ಒಬ್ಬರು ಎದ್ದು ಹೋದರೆ ಎಲ್ಲಾ ಕುಸಿಯಲ್ಲ.

ಕಂಪನಿ ಅನ್ನೋ ಗುರಾಣಿ

ಕರಡಿ ಕಣ್ಣಿನ ರಾತ್ರಿ ನಾನು ಮೊದಲು ಹುಡುಕಿದ್ದು ಇದನ್ನೇ. ಕಂಪನಿ ಮಾಡಿಬಿಟ್ಟರೆ ಮನೆ ಸೇಫು ಅಂತ.

ಈ ಗುರಾಣಿ ಗಟ್ಟಿಯಾಗಿದ್ದೂ ಒಬ್ಬ ಕೈಕಸುಬಿನವನಿಂದಲೇ ಅನ್ನೋದು ಖುಷಿಯ ಸಂಗತಿ. ಆರನ್ ಸಾಲೊಮನ್ ಲಂಡನ್ನಿನಲ್ಲಿ ಚರ್ಮದ ಬೂಟು ಮಾಡಿಸಿ ಮಾರುತ್ತಿದ್ದವನು. 1892ರಲ್ಲಿ ತನ್ನ ವ್ಯಾಪಾರವನ್ನು ಕಂಪನಿ ಮಾಡಿದ. ಆಗಿನ ಕಾನೂನಿಗೆ 7 ಷೇರುದಾರರು ಬೇಕಿತ್ತು, ಹೆಂಡತಿ ಮಕ್ಕಳಿಗೆ ಒಂದೊಂದು ಷೇರು ಕೊಟ್ಟು ಉಳಿದ 20,001 ಷೇರು ತಾನೇ ಇಟ್ಟುಕೊಂಡ. ಕಂಪನಿ ಬೇಗನೇ ಮುಳುಗಿತು. ಇದು ಬರೀ ನೆಪದ ಕಂಪನಿ, ಸಾಲ ಇವನೇ ತೀರಿಸಬೇಕು ಅಂತ ಕೆಳಗಿನ ನ್ಯಾಯಾಲಯಗಳು ಅಂದವು. 1896ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿತು: ಕಂಪನಿ ಬೇರೆ ವ್ಯಕ್ತಿ, ಸಾಲೊಮನ್ ಬೇರೆ ವ್ಯಕ್ತಿ, ಕಂಪನಿಯ ಸಾಲ ಅವನ ಸಾಲ ಅಲ್ಲ. ಇವತ್ತಿಗೂ ಅದೇ ತತ್ವ ನಡೆಯುತ್ತಿದೆ. ಅಮೆರಿಕದಲ್ಲಿ ಎಲ್ಲರೂ ಹೇಳೋ ಎಲ್‌ಎಲ್‌ಸಿ ಕೂಡ ಇದೇ ರಕ್ಷಣೆಯನ್ನು ಸ್ವಲ್ಪ ಹಗುರ ಮಾಡಿ ಕೊಡುವಂಥದ್ದು, 1977ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಶುರುವಾದದ್ದು.

ಆದರೆ ಗುರಾಣಿಗೆ ತೂತುಗಳಿವೆ. ಹೊಸ ಪುಟ್ಟ ಕಂಪನಿಗೆ ಸಾಲ ಕೊಡೋ ಬ್ಯಾಂಕು ಸಾಮಾನ್ಯವಾಗಿ ನಿಮ್ಮ ವೈಯಕ್ತಿಕ ಜಾಮೀನು ಕೇಳುತ್ತದೆ. ಸಹಿ ಹಾಕಿದಿರೋ, ಸುತ್ತಿ ಬಂದು ಮತ್ತೆ ನಿಮ್ಮ ಬಾಗಿಲಿಗೇ. ಎರಡನೇ ತೂತು ದೊಡ್ಡದು, ನನ್ನ ಕಣ್ಣು ತೆರೆಸಿದ್ದೂ ಅದೇ. ಕಂಪನಿ ನಿಮ್ಮನ್ನು ಕಾಪಾಡೋದು ಕಂಪನಿಯ ಸಾಲದಿಂದ. ನಿಮ್ಮ ಸ್ವಂತ ಕೈ ಮಾಡಿದ ಅಜಾಗರೂಕತೆಗೆ ನಿಮ್ಮನ್ನೇ ನೇರವಾಗಿ ಹೊಣೆ ಮಾಡುವ ದಾರಿ ಬಹಳ ಕಡೆ ತೆರೆದೇ ಇರುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಆ ಕಣ್ಣು ಕೂರಿಸಿದ ಕೈ ಯಾರದ್ದೋ. ನನ್ನ ಮನೆಯಲ್ಲಿ ಹೆಣೆದದ್ದು, ಕಣ್ಣು ಕೂರಿಸಿದ್ದು, ಪರೀಕ್ಷಿಸದೇ ಡಬ್ಬಿಗೆ ಹಾಕಿದ್ದು ಎಲ್ಲಾ ಒಂದೇ ಕೈ. ಲೆಟರ್‌ಹೆಡ್ ಬದಲಾದರೆ ಕೈ ಬದಲಾಗುತ್ತಾ?

ಇದರ ಮೇಲೆ ವರ್ಷ ವರ್ಷ ಕಂಪನಿಯ ಲೆಕ್ಕಪತ್ರ ಸಲ್ಲಿಸಬೇಕು, ಕೆಲವು ದೇಶಗಳಲ್ಲಿ ಆಡಿಟರ್‌ಗೂ ಕೊಡಬೇಕು, ಒಂದೂ ಕರಡಿ ಮಾರದ ವರ್ಷವೂ ಸಲ್ಲಿಸಬೇಕು. ಕಂಪನಿಯ ದುಡ್ಡು ನಿಮ್ಮ ದುಡ್ಡಲ್ಲ, ಬೇಕೆಂದಾಗ ತೆಗೆದು ಮನೆ ಬಾಡಿಗೆ ಕಟ್ಟೋ ಹಾಗಿಲ್ಲ. ಸಾಕಪ್ಪಾ ಅಂತ ಮುಚ್ಚೋಕೂ ಒಂದು ಮೆರವಣಿಗೆ.

ಹಾಗಾದರೆ ಕಂಪನಿ ಯಾರಿಗೆ? ಸಾಲ ಮಾಡಿ ಯಂತ್ರ ಹಾಕುವವರಿಗೆ, ಕೆಲಸಕ್ಕೆ ಜನ ಇಟ್ಟುಕೊಳ್ಳುವವರಿಗೆ, ಅಂಗಡಿಗಳಿಗೆ ನೂರುಗಟ್ಟಲೆ ಕೊಡುವ ಒಪ್ಪಂದ ಮಾಡಿಕೊಳ್ಳುವವರಿಗೆ, ಹೊರಗಿನವರ ಬಂಡವಾಳ ತರುವವರಿಗೆ. ಇವುಗಳಲ್ಲಿ ಒಂದು ನಿಜವಾದಾಗ ಮಾಡಿದರೆ ಸಾಕು. ಸ್ವಂತ ಹೆಸರಿನಿಂದ ಕಂಪನಿಗೆ ಆಮೇಲೆ ಬದಲಾಗಬಹುದು. ಉಲ್ಟಾ ಬರೋದು ಕಷ್ಟ.

ಯಾವ ಆಯ್ಕೆಯೂ ತಪ್ಪಿಸದ ವಿಷಯ

ವ್ಯಾಪಾರದ ರೂಪ ಯಾವುದೇ ಇರಲಿ, ವಸ್ತುವಿಗೆ ತನ್ನದೇ ನಿಯಮಗಳಿವೆ. ಮಡಕೆ, ಬ್ಯಾಗು, ಗೋಡೆ ಅಲಂಕಾರ ಮಾಡುವವರು ಸ್ವಲ್ಪ ನಿರಾಳ (ಮಡಕೆಯಲ್ಲಿ ಊಟ ಮಾಡೋದಾದರೆ ಹೊಳಪಿನ ಲೇಪದಲ್ಲಿ ಸೀಸ ಇದೆಯಾ ಅಂತ ನೋಡಲೇಬೇಕು). ಮಕ್ಕಳ ಆಟಿಕೆ ಮತ್ತು ಮೈಗೆ ಹಚ್ಚೋ ವಸ್ತು, ಇವೆರಡು ಬೇರೆಯೇ ಲೋಕ.

ಆಟಿಕೆಗೆ ಅಮೆರಿಕದಲ್ಲಿ 1980ರಿಂದ ಒಂದು ಪುಟ್ಟ ಕೊಳವೆಯ ಪರೀಕ್ಷೆ ಇದೆ. ಕೊಳವೆಯ ಅಗಲ 31.7 ಮಿಲಿಮೀಟರ್, ಚಿಕ್ಕ ಮಗುವಿನ ಗಂಟಲಿಗೆ ಸರಿಸುಮಾರು ಹೊಂದುವ ಅಳತೆ. ಆಟಿಕೆಯಿಂದ ಕಿತ್ತು ಬರೋ ತುಂಡು ಅದರೊಳಗೆ ಪೂರ್ತಿ ಇಳಿದರೆ 3 ವರ್ಷದೊಳಗಿನ ಮಕ್ಕಳಿಗೆ ಅದನ್ನು ಮಾರುವ ಹಾಗಿಲ್ಲ. ನನ್ನ ಕರಡಿಯ ಕಣ್ಣು 12 ಮಿಲಿಮೀಟರ್. ಸಲೀಸಾಗಿ ಇಳಿಯುತ್ತದೆ. ಹೆಸರಿಗೆ ಸೇಫ್ಟಿ ಕಣ್ಣು, ಹಿಂದೆ ವಾಷರ್ ಬೇರೆ ಇರುತ್ತದೆ, ಆದರೆ ಹೆಣಿಗೆ ಸ್ವಲ್ಪ ಸಡಿಲ ಆದರೆ ವಾಷರ್ ಸಮೇತ ಹೆಣಿಗೆಯ ತೂತಿನಿಂದ ನುಸುಳಿ ಬಂದುಬಿಡುತ್ತದೆ. ಯುರೋಪಿನಲ್ಲಿ ಮಾರೋದಾದರೆ ಆಟಿಕೆಗೆ ಅಲ್ಲಿನ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆ ಅಂತ ಹೇಳುವ ಸಿಇ ಗುರುತು ಬೇಕು, ಕೈಯಲ್ಲಿ ಒಂದೇ ಒಂದು ಮಾಡಿದ್ದರೂ ಬೇಕು.

ಸಾಬೂನಿನವರ ಕಥೆ ಇನ್ನೂ ಮಜಾ. ಯುರೋಪಿನಲ್ಲಿ ಅದು ಸೌಂದರ್ಯ ಸಾಮಗ್ರಿ, ಪ್ರತಿ ಪಾಕಕ್ಕೂ ಪರಿಣತರ ಸುರಕ್ಷತಾ ವರದಿ ಇರಬೇಕು. ಅಮೆರಿಕದಲ್ಲಿ ಎಣ್ಣೆ ಮತ್ತು ಕ್ಷಾರ ಸೇರಿ ಆದ ನಿಜವಾದ ಸಾಬೂನನ್ನು ಸುಮ್ನೆ 'ಸಾಬೂನು' ಅಂತ ಮಾರಿದರೆ ಒಂದು ನಿಯಮ, ಅದೇ ಬಿಲ್ಲೆಯ ಚೀಟಿಯಲ್ಲಿ 'ಚರ್ಮವನ್ನು ಮೃದು ಮಾಡುತ್ತದೆ' ಅಂತ ಬರೆದರೆ ಅದು ಸೌಂದರ್ಯ ಸಾಮಗ್ರಿ, 'ಮೊಡವೆ ವಾಸಿ ಮಾಡುತ್ತದೆ' ಅಂದರೆ ಔಷಧಿ. ವಸ್ತು ಬದಲಾಗಿಲ್ಲ, ಬದಲಾದದ್ದು ಮೂರು ಪದ.

ಈ ಕಾರಣಕ್ಕೇ ನನ್ನ ಸಲಹೆ: ಕಂಪನಿಗೆ ಖರ್ಚು ಮಾಡೋ ದುಡ್ಡಿದ್ದರೆ ಮೊದಲು ಉತ್ಪನ್ನ ಹೊಣೆಗಾರಿಕೆಯ ವಿಮೆ ಕೇಳಿ ನೋಡಿ. ನೀವು ಮಾರಿದ ವಸ್ತುವಿನಿಂದ ಯಾರಿಗಾದರೂ ಹಾನಿಯಾದರೆ ಪರಿಹಾರ ಕೊಡೋದು ಅದರ ಕೆಲಸ. ಆದರೆ ಏನು ಮಾಡುತ್ತೀರಿ ಅಂತ ನಿಜ ಹೇಳಿ ಕೊಳ್ಳಿ. 'ಅಲಂಕಾರದ ವಸ್ತು' ಅಂತ ಬರೆಸಿ ಆಟಿಕೆ ಮಾರಿದರೆ ಕಟ್ಟಿದ ಕಂತು ನೀರಲ್ಲಿ ಹೋಮ. ಮನೆಯ ವಿಮೆ ಇದಕ್ಕೂ ಆಗುತ್ತೆ ಅಂತ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಆಗಲ್ಲ.

ಹೆಸರು, ಮತ್ತೆ ಮಾರೋ ಜಾಗ

ವ್ಯಾಪಾರದ ಹೆಸರು ನೋಂದಾಯಿಸಿದ ತಕ್ಷಣ ಆ ಹೆಸರು ನಿಮ್ಮದಾಗಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ಬೇರೆ. ಜಗತ್ತಿನ ಬಹುಪಾಲು ದೇಶಗಳು ಅದಕ್ಕೆ 45 ವರ್ಗಗಳ ಒಂದೇ ಪಟ್ಟಿ ಬಳಸುತ್ತವೆ: ಸಾಬೂನು 3, ಮೇಣದಬತ್ತಿ 4, ಒಡವೆ 14, ಆಟಿಕೆ 28. ಮೊದಲ ವರ್ಷವೇ ದುಡ್ಡು ಸುರಿಯಬೇಕಿಲ್ಲ, ಆದರೆ ಸಾವಿರ ಚೀಟಿ ಅಚ್ಚು ಹಾಕಿಸೋ ಮೊದಲು ನಿಮ್ಮ ವರ್ಗದಲ್ಲಿ ಆ ಹೆಸರು ಬೇರೆಯವರದ್ದಾ ಅಂತ ಹುಡುಕೋದು ಪುಕ್ಕಟೆ.

ಎಲ್ಲಿ ಮಾರುತ್ತೀರಿ ಅನ್ನೋದೂ ರೂಪವನ್ನು ನಿರ್ಧರಿಸುತ್ತದೆ. ಕೈಕೆಲಸದ ವಸ್ತು ಮಾರುವ ಎಟ್ಸಿಯಂಥ ಆನ್‌ಲೈನ್ ತಾಣಗಳು ಒಬ್ಬರೇ ಇರುವವರನ್ನೂ ಸೇರಿಸಿಕೊಳ್ಳುತ್ತವೆ, ಆದರೆ ಪಾಲು ಹೆಚ್ಚಿಸೋದು ಅವರ ಕೈಯಲ್ಲಿ. ಎಟ್ಸಿ 2022ರಲ್ಲಿ ಮಾರಾಟದ ಶುಲ್ಕವನ್ನು ಶೇ 5ರಿಂದ 6.5ಕ್ಕೆ ಏರಿಸಿತು. ದೊಡ್ಡ ಅಂಗಡಿಗಳು, ಕಚೇರಿಗಳ ಉಡುಗೊರೆ ಆರ್ಡರ್‌ಗಳು ಮಾತ್ರ ಬಿಲ್, ತೆರಿಗೆ ಸಂಖ್ಯೆ ಇಲ್ಲದೆ ಮಾತೇ ಆಡಲ್ಲ. ಅಂಥ ಆರ್ಡರ್ ಬಂದ ಮೇಲೆ ನೋಂದಣಿಗೆ ಓಡಿದರೆ ಆರ್ಡರ್ ಕಾಯೋದಿಲ್ಲ.

ನಾನು ಏನು ಮಾಡಿದೆ ಅಂತ ಕೇಳುತ್ತೀರಲ್ಲ. ಸ್ವಂತ ಹೆಸರಲ್ಲೇ ನೋಂದಾಯಿಸಿಕೊಂಡೆ, ವಿಮೆ ಮಾಡಿಸಿದೆ, ಪ್ಲಾಸ್ಟಿಕ್ ಕಣ್ಣಿನ ಪೊಟ್ಟಣ ಅಲ್ಲೇ ಕಪಾಟಿನಲ್ಲಿದೆ. ಈಗ ಕಣ್ಣನ್ನು ಕಪ್ಪು ನೂಲಿನಲ್ಲಿ ಕಸೂತಿ ಹಾಕುತ್ತೇನೆ, ಒಂದು ಕಣ್ಣಿಗೆ ಹತ್ತು ನಿಮಿಷ ಜಾಸ್ತಿ, ಬೆಲೆಯಲ್ಲಿ ಅದನ್ನೂ ಸೇರಿಸಿದ್ದೇನೆ. ಆ ತಾಯಿಗೆ ಕಸೂತಿ ಕಣ್ಣಿನ ಹೊಸ ಕರಡಿ ಕಳಿಸಿ ಹಳೆಯದನ್ನು ವಾಪಸ್ ತರಿಸಿಕೊಂಡೆ. ನನ್ನ ಬಿಲ್ ಪುಸ್ತಕದ ಮೊದಲನೇ ಹಾಳೆ ಅದರದ್ದೇ: ಕ್ರೋಶಾ ಕರಡಿ, ಒಂದು, ಮೊತ್ತ ಸೊನ್ನೆ.